ಎಂಟು ವ್ಯಾಟಿನ ಮನೆ, ಹಾನಗಲ್ಲಿನ ಕಿವಿ

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಿಂದ ಹೊರಟು ನ್ಯೂಜೆರ್ಸಿಯಲ್ಲಿ ನೆಲೆಯೂರಿದ ಮನೆಗಳಲ್ಲಿ ಆಂಪ್ಲಿಫೈಯರಿನ ವ್ಯಾಟ್ ಕುರಿತ ವಾದವು ತಾಂತ್ರಿಕ ಪ್ರಶ್ನೆಯಾಗಿ ಆರಂಭವಾಗಿ, ಬಹುಬೇಗ ಬೀಗರ ನಡುವಿನ ಮಾನದ ಪ್ರಶ್ನೆಯಾಗುತ್ತದೆ. ಮಗನು ವಾಲ್ವ್ ಆಂಪ್ಲಿಫೈಯರನ್ನು, ಎಂದರೆ ಹಳೆಯ ರೇಡಿಯೊಗಳಲ್ಲಿದ್ದಂತಹ ಗಾಜಿನ ನಿರ್ವಾತ ಕೊಳವೆಗಳಿಂದ ಧ್ವನಿಯನ್ನು ವರ್ಧಿಸುವ ಯಂತ್ರವನ್ನು, ಹಂಬಲಿಸಿ ಕೊಳ್ಳುತ್ತಾನೆ. 300ಬಿ ಎಂಬ ವಾಲ್ವ್ ಒಂಟಿಯಾಗಿ ದುಡಿದರೆ ಕೊಡುವುದು ಸುಮಾರು 8 ವ್ಯಾಟ್. ಹರೆಯದಲ್ಲಿ ಹಾನಗಲ್ ಸೀಮೆಯ ಜಾತ್ರೆ, ಮದುವೆಗಳಿಗೆ ಮೈಕ್ ಸೆಟ್ ಕಟ್ಟಿದ, ಈಗ ಆರು ತಿಂಗಳಿಗೆಂದು ಬಂದಿರುವ ತಂದೆಯವರಿಗೆ ಈ ಅಂಕಿಯೇ ಅವಮಾನ. “ಪಡಸಾಲ್ಯಾಗಿನ ಝೀರೋ ಬಲ್ಬ್ ಸುದ್ದಾ ಇದಕ್ಕಿಂತ ಹೆಚ್ಚು ತಿಂತೈತಲೋ” ಎಂಬ ಅವರ ಮಾತು ಕುಹಕವಾದರೂ ಸತ್ಯ: ಸೊನ್ನೆ ವ್ಯಾಟಿನದೆಂದು ಕರೆಸಿಕೊಳ್ಳುತ್ತಿದ್ದ ಆ ಬಲ್ಬು ಸುಮಾರು 15 ವ್ಯಾಟ್ ಬಳಸುತ್ತಿತ್ತು.

ಕಳೆದ ಭಾನುವಾರದ ಕದನಕ್ಕೆ ನೆಪವಾದದ್ದು ಗಂಗೂಬಾಯಿ ಹಾನಗಲ್ (1913–2009) ಅವರ ಧ್ವನಿಮುದ್ರಿಕೆ. ಸೋಫಾದಲ್ಲಿ ಕುಳಿತು ಧ್ವನಿಯನ್ನು ಪರೀಕ್ಷಿಸುವುದು ಮೈಕ್ ಸೆಟ್ಟಿನವರ ಶಾಸ್ತ್ರದಲ್ಲಿಲ್ಲ; ಊರ ಅಗಸಿಯವರೆಗೆ ಮುಟ್ಟಿತೇ ಎಂಬುದೊಂದೇ ಅಲ್ಲಿ ಪ್ರಮಾಣ. ಆದುದರಿಂದ ಹಿರಿಯರು ಮಂಕಿ ಟೋಪಿ ಏರಿಸಿ, ಮಗನ ಜಾಕೆಟ್ಟಿನ ಮೇಲೆ ಶಾಲು ಹೊದ್ದು, ಮೂರನೆಯ ಮಹಡಿಯಿಂದಿಳಿದು, ಪಾರ್ಕಿಂಗ್ ಅಂಗಳದ ಹಿಮದಲ್ಲಿ ನಿಂತು, ಎರಡೂ ಕೈ ಎತ್ತಿ “ಇಲ್ಲೀತನಾ ಬರವಲ್ದು, ಏರಿಸು!” ಎಂದು ಕೂಗಿದರು. ಮಗನು ಬಾಲ್ಕನಿಯ ಬಾಗಿಲನ್ನು ಪೂರ್ತಿ ತೆರೆದು ಏರಿಸಿದನು. ಒಳಗೆ ಸೊಸೆ ಹೀಟರಿನ ಬಿಲ್ಲನ್ನು ನೆನೆದು ಹಲ್ಲು ಕಡಿದಳು. ಮುದುಕರು ಬೀಗದ ಕೈ ಮರೆತು ಹೊರಗುಳಿದಿದ್ದಾರೆಂದು ಭಾವಿಸಿದ ಕೆಳಮನೆಯ ಅಮೆರಿಕನ್ ಮಹಿಳೆ ಬಿಸಿ ಕಾಫಿ ತಂದುಕೊಟ್ಟಳು. ಅವರು ಅದನ್ನು ಕುಡಿದು ಮುಗಿಸಿ, ಖಾಲಿ ಕಪ್ಪನ್ನೇ ಮೇಲೆತ್ತಿ, ಇನ್ನಷ್ಟು ಏರಿಸೆಂದು ಸನ್ನೆ ಮಾಡಿದರು. ಅದನ್ನು ಕಂಡ ಆಕೆ ಇನ್ನೊಂದು ಕಪ್ ಕಾಫಿ ತಂದಳು.

ಈ ಪ್ರಯೋಗದ ಸೋಲು ಲೆಕ್ಕದಲ್ಲೇ ಇದೆ. ಸ್ಪೀಕರಿನ ಸಂವೇದನೆ ಎಂದರೆ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಅದು ಹೊಮ್ಮಿಸುವ ಧ್ವನಿಮಟ್ಟ. ಮಗನ ಪುಟ್ಟ ಸ್ಪೀಕರಿನದು 86 ಡೆಸಿಬಲ್. ವ್ಯಾಟ್ ಇಮ್ಮಡಿಯಾದಾಗ ಕೂಡುವುದು 3 ಡೆಸಿಬಲ್ ಮಾತ್ರವಾದ್ದರಿಂದ 8 ವ್ಯಾಟಿಗೆ 95 ದೊರೆತು, ಬಯಲಲ್ಲಿ ದೂರ ಇಮ್ಮಡಿಯಾದಾಗಲೆಲ್ಲ 6 ಕಳೆಯುತ್ತ ಹೋಗಿ, 64 ಮೀಟರಿನಲ್ಲಿ ಉಳಿಯುವ 59 ಹೆದ್ದಾರಿಯ ಮೊರೆತದಲ್ಲಿ ಮುಳುಗುತ್ತದೆ. ಮೈಕ್ ಸೆಟ್ಟಿನ ಹಾರ್ನ್, ಎಂದರೆ ಕಹಳೆಯಾಕಾರದ ಸ್ಪೀಕರು, 105ರ ಆಸುಪಾಸಿನದಾದರೆ 30 ವ್ಯಾಟಿಗೇ ಅಷ್ಟು ದೂರದಲ್ಲಿ 84 ಡೆಸಿಬಲ್ ಮುಟ್ಟಿಸುತ್ತದೆ. ಜಾತ್ರೆಯ ಕೀರ್ತಿಯೆಲ್ಲ ಹಾರ್ನಿನದೆಂದು ಹಿರಿಯರೆದುರು ಹೇಳುವ ಧೈರ್ಯ ಆ ಮನೆಯಲ್ಲಿ ಮೊಮ್ಮಗಳೊಬ್ಬಳಿಗೇ ಇದೆ.

ಶಿಗ್ಗಾವಿಯ ಅಳಿಯನು 200 ವ್ಯಾಟಿನ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನು ಸೂಚಿಸಿದನು. ಕಿವಿಗೆ ಸದ್ದು ಇಮ್ಮಡಿಯೆನಿಸಲು ಸುಮಾರು ಹತ್ತುಪಟ್ಟು ವ್ಯಾಟ್ ಬೇಕಾಗುವುದರಿಂದಲೂ, ಸಂಗೀತದ ಏರು ಅದರ ಸರಾಸರಿಗಿಂತ 10 ಡೆಸಿಬಲ್ ಮೀರಬಲ್ಲದಾದ್ದರಿಂದಲೂ ಸಲಹೆ ತೀರ ಹುಚ್ಚಲ್ಲ; 8 ವ್ಯಾಟಿನ ಯಂತ್ರ ಸರಾಸರಿ ಮುಕ್ಕಾಲು ವ್ಯಾಟಿನಲ್ಲಷ್ಟೇ ನೆಮ್ಮದಿಯಾಗಿರುತ್ತದೆ, ಮೀರಿದರೆ ತರಂಗದ ತಲೆ ಕತ್ತರಿಸಿಹೋಗುವ ಕ್ಲಿಪ್ಪಿಂಗ್ ಉಂಟಾಗಿ ತಾನಗಳು ಗೊಗ್ಗರಾಗುತ್ತವೆ. ಹಿರೇಕೆರೂರಿನ ಸೋದರಮಾವ ವಿಡಿಯೋ ಕರೆಯಲ್ಲೇ ಬಾಲ್ಕನಿಗೆ ಹಾರ್ನ್ ಕಟ್ಟಿಸಲು ತೀರ್ಪಿತ್ತರು. ಸವಣೂರಿನ ಬೀಗಿತ್ತಿಯಾದರೋ ಸವಣೂರ ಖಾರವನ್ನು ಕುರುಕುರು ಜಗಿದು ವಿಲಂಬಿತದ ಸೂಕ್ಷ್ಮಗಳನ್ನೆಲ್ಲ ಮುಚ್ಚಿಹಾಕುತ್ತ, ಒಂದೇ ಮಾತಾಡಿದರು: “ಬೀಗರಿಗೆ ಫೋನಿನ ಗಂಟೀನೂ ಕೇಳ್ಸೂದಿಲ್ಲರೀ.”

ದಶಕಗಳ ಕಾಲ ಹಾರ್ನಿನ ಬುಡದಲ್ಲಿ ನಿಂತ ಕಿವಿಗಳು ಮಂದವಾಗುವುದು ಸಹಜವೇ. ಪ್ರತಿ ಸಲವೂ ಅವರು ಯಂತ್ರವನ್ನೇ ಬೈಯುತ್ತಿದ್ದುದರಿಂದ ಯಾರಿಗೂ ಅದು ಹೊಳೆದಿರಲಿಲ್ಲ. ಮೊಮ್ಮಗಳು ಮಾತಿಲ್ಲದೆ ಅಜ್ಜನ ಕುರ್ಚಿಯನ್ನು ಸ್ಪೀಕರಿನತ್ತ ಎಳೆದಳು. ದೂರ 4 ಮೀಟರಿನಿಂದ 2ಕ್ಕಿಳಿದರೆ ಬಯಲಿನ ಲೆಕ್ಕದಲ್ಲಿ 8 ವ್ಯಾಟ್ 32 ಆದಂತೆ; ಗೋಡೆಗಳ ನಡುವೆ ಲಾಭ ತುಸು ಕಡಿಮೆ, ಖರ್ಚು ಮಾತ್ರ ಏನೂ ಇಲ್ಲ.

ವಾಲ್ವನ್ನು ಬಿಡಲಾರದವರು 95 ಡೆಸಿಬಲ್ಲಿನ ಸ್ಪೀಕರನ್ನೂ, 86ರದ್ದನ್ನು ಬಿಡಲಾರದವರು 80 ವ್ಯಾಟಿನ ಟ್ರಾನ್ಸಿಸ್ಟರನ್ನೂ ಕೊಳ್ಳಬಹುದು. ಹಿರಿಯರನ್ನು ಕರೆಸಿಕೊಳ್ಳುವವರು ಮಾತ್ರ, ವಿಮಾನದ ಟಿಕೆಟ್ಟಿಗೂ ಮೊದಲು, ಹುಬ್ಬಳ್ಳಿಯಲ್ಲೇ ಅವರ ಕಿವಿ ತೋರಿಸಿಕೊಂಡು ಬರಲು ಹೇಳುವುದು ಒಳ್ಳೆಯದು. ಅಮೆರಿಕದ ವೈದ್ಯರ ಬಿಲ್ಲಿನ ಮುಂದೆ ಅದು ಬಹಳ ಅಗ್ಗ.