ಛಾನ್ಸ್ ಎಷ್ಟದ?

ಯಾರ ಸಾಲದ ಅರ್ಜಿ ಪಾಸಾಗುತ್ತದೆ, ಯಾರದು ಬೀಳುತ್ತದೆ ಎಂದು ಅರ್ಜಿದಾರ ಹೊಸ್ತಿಲು ದಾಟುವ ಮೊದಲೇ ಹೇಳಬಲ್ಲೆ ಎಂಬ ಜಂಬ ನನಗುಂಟು. ಬಸವಕಲ್ಯಾಣದಿಂದ ದಿನಾ ಹುಮನಾಬಾದಿಗೆ ಬಸ್ಸಿನಲ್ಲಿ ಹೋಗಿ, ಅಲ್ಲೊಂದು ಸಣ್ಣ ಸಹಕಾರಿ ಸಂಘದಲ್ಲಿ ಫೈಲು ನೋಡುವವನು ನಾನು. ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಆದರೆ ಒಬ್ಬ ಮನುಷ್ಯನ ಯೋಗ್ಯತೆ ಅಳೆದು ಕೊನೆಗೆ ಕೆಂಪು ಶಾಯಿಯಲ್ಲಿ ಷರಾ ಬರೆಯುವ ಸುಖ ಇದೆಯಲ್ಲ, ಅದು ತುಟ್ಟಿಭತ್ಯೆಯಲ್ಲಿ ಸಿಗುವುದಿಲ್ಲ. ಮನೆಯಲ್ಲಂತೂ ಸಿಗುವುದೇ ಇಲ್ಲ. ಅಲ್ಲಿ ಷರಾ ಬರೆಯುವವಳು ಹೆಂಡತಿ, ಫೈಲು ನಾನು. ನಿಮ್ಮ ಮನೆಯಲ್ಲೂ ಅಷ್ಟೇ, ಸುಮ್ಮನೆ ಗಂಭೀರ ಮುಖ ಮಾಡಬೇಡಿ.

ಹೀಗಾಗಿ ಮಗಳು ಮ್ಯಾನೇಜ್‌ಮೆಂಟ್ ಓದಲು ಕ್ಯಾಟ್ ಪ್ರವೇಶ ಪರೀಕ್ಷೆ ಬರೆದು ಐಐಎಮ್ಮಿಗೆ ಹೋಗುತ್ತೇನೆ ಅಂದಾಗ ನನಗೆ ಚಿಂತೆಯಾಗಲಿಲ್ಲ, ಹಬ್ಬವಾಯಿತು. ನಮ್ಮ ಬೀದರ ಜಿಲ್ಲೆಯಲ್ಲಿ ಮಕ್ಕಳು ಬರೆಯುವುದು ನೀಟ್. ಅದರ ರ್ಯಾಂಕು, ಸೀಟು, ಕಟ್-ಆಫ್ ಎಲ್ಲ ಪಾನ್ ಅಂಗಡಿಯವನಿಗೂ ಬಾಯಿಪಾಠ; ಅಲ್ಲಿ ನನ್ನ ಮಾತು ಕೇಳುವವರಿಲ್ಲ. ಕ್ಯಾಟ್ ಎಂದರೆ ಏನೆಂದು ಓಣಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅಂದರೆ ತಜ್ಞನ ಹುದ್ದೆ ಖಾಲಿ ಇತ್ತು. ನಾನು ಆ ಸಂಜೆಯೇ ಹಾಜರಾದೆ.

ಸಂಘದಿಂದ ಒಂದು ಹಳೇ ಲೆಡ್ಜರ್ ತಂದು ಮಗಳ ಹೆಸರಲ್ಲಿ ಖಾತೆ ತೆರೆದೆ. ಕಲಬುರಗಿಯಲ್ಲಿ ಇಂಜಿನಿಯರಿಂಗ್, ಹೈದರಾಬಾದಿನಲ್ಲಿ ಎರಡು ವರ್ಷದ ನೌಕರಿ, ಶಿಸ್ತು ಉತ್ತಮ, ಕೋಪ ತಾಯಿಯ ಕಡೆಯದು. ಎದುರು ಪುಟದಲ್ಲಿ ಅಹಮದಾಬಾದ್, ಕಲ್ಕತ್ತಾ, ಬೆಂಗಳೂರು ಎಂದು ಬರೆದು ಒಂದೊಂದರ ಮುಂದೆಯೂ ನೂರಕ್ಕೆ ಇಷ್ಟು ಛಾನ್ಸ್ ಎಂದು ನಮೂದಿಸಿದೆ.

‘ಅಪ್ಪಾ, ಪರೀಕ್ಷಾ ಹ್ಯಾಂಗಿರ್ತದ ಅಂತ ನೋಡೀಯೇನು?’ ಎಂದಳು ಮಗಳು.

ಚಕ್ರಬಡ್ಡಿ ಬಾಯಲ್ಲೇ ಹೇಳುವವನಿಗೆ ಇದೆಂಥ ಪ್ರಶ್ನೆ! ಅವಳ ಲ್ಯಾಪ್‌ಟಾಪಿನ ಮುಂದೆ ಕೂತೆ. ಮೂರು ಭಾಗ, ಒಂದೊಂದಕ್ಕೂ 40 ನಿಮಿಷ. ನಾನು ಆರಿಸಿಕೊಂಡದ್ದು ನಡುವಿನದು, ತರ್ಕ ಮತ್ತು ಅಂಕಿಅಂಶದ್ದು. ಆರು ಜನ ಗೆಳೆಯರು ದುಂಡು ಮೇಜಿನ ಸುತ್ತ ಕೂತಿದ್ದಾರೆ, ಕೆಂಪಂಗಿಯವನ ಎಡಕ್ಕೆ ವಕೀಲ ಇಲ್ಲ, ವಕೀಲನ ಎದುರಿಗಿದ್ದವನು ಚಹಾ ಕುಡಿಯುವುದಿಲ್ಲ. ಇವರನ್ನು ಒಂದೇ ಮೇಜಿಗೆ ಕರೆದವರಾರು ಎಂದು ಯೋಚಿಸುವಷ್ಟರಲ್ಲಿ ಅರ್ಧ ವೇಳೆ ಹೋಗಿತ್ತು. ಉಳಿದ ಅರ್ಧದಲ್ಲಿ ಅನುಭವದ ಬಲದಿಂದ ಟಿಕ್ ಹಾಕಿದೆ. ಸರಿ ಉತ್ತರಕ್ಕೆ ಮೂರು ಅಂಕ, ಆಯ್ಕೆಯ ಪ್ರಶ್ನೆಯಲ್ಲಿ ತಪ್ಪಿದರೆ ಒಂದು ಕಡಿತ. ನನಗೆ ಬಂದದ್ದು ಮೈನಸ್ ಮೂರು.

‘ಅಪ್ಪಾ, ನೀ ಕುರ್ಚಿ ಮ್ಯಾಲ ಸುಮ್ಮನ ನಿದ್ದಿ ಮಾಡಿದ್ರೂ ಇದಕ್ಕಿಂತ ಜಾಸ್ತಿ ಬರ್ತಿತ್ತು’ ಎಂದಳು. ಒಳಗಿನಿಂದ ಹೆಂಡತಿ, ‘ಅದ್ರಾಗ ಅವರು ಹುಷಾರ್ ಅದಾರ’ ಎಂದು ದನಿಗೂಡಿಸಿದಳು.

ಪರೀಕ್ಷೆಯೊಂದೇ ಆದರೆ ನನ್ನ ಮರ್ಯಾದೆ ಅಲ್ಲಿಗೇ ಉಳಿಯುತ್ತಿತ್ತೇನೋ. ಈ ಸಂಸ್ಥೆಗಳು ಹಿಂದಿನದನ್ನೂ ಕೆದಕುತ್ತವೆ ಎಂದು ತಿಳಿದದ್ದು ಬೆಂಗಳೂರಿನ ಪುಟಕ್ಕೆ ಬಂದಾಗ. 1973ರಲ್ಲಿ ಶುರುವಾದದ್ದು, ಬನ್ನೇರುಘಟ್ಟ ರಸ್ತೆಯಲ್ಲಿ ಬಿ. ವಿ. ದೋಶಿಯವರು ಕಲ್ಲಿನಲ್ಲಿ ಕಟ್ಟಿಸಿದ ಆವರಣ. ಫೋಟೊ ನೋಡಿಯೇ ಎಂಬತ್ತು ಪರ್ಸೆಂಟ್ ಛಾನ್ಸ್ ಬರೆದಿದ್ದೆ. ಆದರೆ ಅವರು ಸಂದರ್ಶನಕ್ಕೆ ಕರೆಯುವ ಮುಂಚೆ ಕ್ಯಾಟ್ ಅಂಕದ ಜೊತೆಗೆ ಹತ್ತನೇದು, ಹನ್ನೆರಡನೇದು, ಡಿಗ್ರಿ, ನೌಕರಿ ಎಲ್ಲವನ್ನೂ ಹಿಡಿದು ತೂಗುತ್ತಾರಂತೆ.

‘ಹತ್ತನೇದ್ದು ಈಗ್ಯಾಕ ಬೇಕು ಅವ್ರಿಗಿ?’ ಎಂದೆ.

ಮನೆಯಲ್ಲಿ ಮೌನ. ಆ ಮೌನದ ಅರ್ಥ ಮನೆಯವರಿಗೆಲ್ಲ ಗೊತ್ತಿತ್ತು. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಹಿಂದಿನ ವಾರ ಭಾಲ್ಕಿಯಲ್ಲಿ ನಮ್ಮ ಚಿಕ್ಕಪ್ಪನ ಮಗನ ಮದುವೆ. ಹೆಂಡತಿ ಹುಡುಗಿಯನ್ನು ಬಿಟ್ಟು ಹೋಗೋಣ ಅಂದಿದ್ದಳು. ‘ಒಂದು ಮದುವಿಯಿಂದ ಯಾರ ಜೀವನಾನೂ ಹಾಳಾಗಂಗಿಲ್ಲ’ ಎಂದು ನಾನು ಘೋಷಿಸಿದ್ದೆ. ಮದುಮಗನೇ ಆಮೇಲೆ ಅದನ್ನು ಒಪ್ಪಿರಲಿಲ್ಲ. ಮಗಳು ಡಿಜೆಯ ಮುಂದೆ ಕುಣಿದು, ಜ್ವರ ಹಿಡಿಸಿಕೊಂಡು ಗಣಿತದ ಪೇಪರಿಗೆ ಹೋಗಿದ್ದಳು. ಬೆಂಗಳೂರಿನ ಛಾನ್ಸನ್ನು ಹೆಂಡತಿಯೇ ಎದ್ದು ಬಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದಳು. ನನ್ನದೇ ಪೆನ್ನು.

ನವೆಂಬರಿನ ಒಂದು ಭಾನುವಾರ ಹೈದರಾಬಾದಿನಲ್ಲಿ ಪರೀಕ್ಷೆ ಬರೆದಳು. ಡಿಸೆಂಬರಿನಲ್ಲಿ ಫಲಿತಾಂಶ ಬಂತು: 96 ಪರ್ಸೆಂಟೈಲ್. ಅವಳು ಬಾಗಿಲು ಹಾಕಿಕೊಂಡು ಅಳತೊಡಗಿದಳು. ನಾನು ಹುಮನಾಬಾದ್ ಬಸ್ಸು ಹತ್ತಿದೆ. ಸಸ್ತಾಪುರ ಬಂಗ್ಲಾ ದಾಟುವುದರೊಳಗೆ ಇಡೀ ಬಸ್ಸಿಗೆ 96 ಗೊತ್ತಾಗಿತ್ತು. ‘ತೊಂಬತ್ತಾರು! ಉಳಿದ ನಾಕು ಎಲ್ಲಿ ಹೋದ್ವರಿ?’ ಎಂದು ಕಂಡಕ್ಟರ್ ಕೈ ಕುಲುಕಿದ. ಆ ನಾಲ್ಕು ಎಲ್ಲಿ ಹೋದವು ಎಂದು ನಾನು ಹೇಳಲಿಲ್ಲ. ಪರೀಕ್ಷೆ ಬರೆದವರು ಸುಮಾರು 3 ಲಕ್ಷ. ಆ ನಾಲ್ಕರೊಳಗೆ ಹೆಚ್ಚುಕಡಿಮೆ 12,000 ಜನ ನನ್ನ ಮಗಳಿಗಿಂತ ಮುಂದೆ ನಿಂತಿದ್ದರು. ಅಷ್ಟು ಜನ ನಮ್ಮ ಬಸ್ಸಿಗೆ ಹಿಡಿಸುವುದಿಲ್ಲ. ಹುಮನಾಬಾದಿನಲ್ಲಿ ಇಳಿದು ಸಂಘದವರಿಗೆಲ್ಲ ಪೇಢೆ ಹಂಚಿದೆ. ಸಂಜೆ ಒಂದು ಪೇಢೆ ಮನೆಗೂ ತಂದೆ. ಮಗಳು ಅದನ್ನು ನೋಡಿ ಮತ್ತೊಮ್ಮೆ ಅತ್ತಳು.

ಬಸ್ಸಿನಲ್ಲೇ ಒಬ್ಬ ಹಿರಿಯರು ದಾರಿ ತೋರಿಸಿದ್ದರು: ‘ನಮಗ 371ಜೆ ಅದಲ್ರಿ! ಹೈದರಾಬಾದ್ ಕರ್ನಾಟಕದವ್ರಿಗಿ ಸೀಟ್ ಕೊಡ್ಲಾಕೇ ಬೇಕು.’ ಮಾತಿನಲ್ಲಿ ತೂಕವಿತ್ತು. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ ಹಕ್ಕು. ನಮ್ಮ ಭಾಗದ ರಾಜ್ಯ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ನಮ್ಮವರಿಗೇ. ಕೂಡಲೇ ಪ್ರಮಾಣಪತ್ರಕ್ಕೆ ಓಡಾಡಿ, ಝೆರಾಕ್ಸ್ ಮಾಡಿಸಿ, ಮೂಲಪ್ರತಿಗೆ ಲ್ಯಾಮಿನೇಶನ್ ಹಾಕಿಸಿ ಮಗಳ ಮುಂದಿಟ್ಟೆ. ಅವಳು ಒಂದು ನಿಮಿಷ ಪತ್ರವನ್ನೂ ಇನ್ನೊಂದು ನಿಮಿಷ ನನ್ನನ್ನೂ ನೋಡಿದಳು. ಐಐಎಂ ಕೇಂದ್ರದ ಸಂಸ್ಥೆ, 371ಜೆ ಅಲ್ಲಿ ನಡೆಯುವುದಿಲ್ಲವಂತೆ. ಪತ್ರ ಈಗ ಟಿವಿಯ ಪಕ್ಕದಲ್ಲಿದೆ. ಸೆಖೆಯಲ್ಲಿ ಗಾಳಿ ಬೀಸಿಕೊಳ್ಳಲು ಚಲೋ ಗಟ್ಟಿಯಾಗಿದೆ.

ಆ ವಾರವೇ ಯಾರೋ ಫೀಸಿನ ಮಾತೆತ್ತಿದರು. ದೊಡ್ಡ ಐಐಎಂಗಳಲ್ಲಿ ಎರಡು ವರ್ಷಕ್ಕೆ 20 ಲಕ್ಷಕ್ಕೂ ಮೇಲೆ! ಆ ರಾತ್ರಿ ಲೆಡ್ಜರಿನಲ್ಲಿ ಎಲ್ಲ ಸಂಸ್ಥೆಗಳ ಛಾನ್ಸೂ ಒಮ್ಮೆಲೇ ಕುಸಿಯಿತು. ಅರವತ್ತು ಇದ್ದದ್ದು ಹದಿನೈದಾಯಿತು, ನಲವತ್ತು ಇದ್ದಲ್ಲಿ ಅಡ್ಡಗೆರೆ ಬಂತು. ಬೆಳಿಗ್ಗೆ ಹೆಂಡತಿ ನೋಡಿ, ‘ರಾತ್ರಿ ಆಕಿ ದಡ್ಡಿ ಆದಳೇನ್ರಿ?’ ಎಂದಳು. ನಾನು ಮಾರುಕಟ್ಟೆಯ ಏರಿಳಿತದ ಬಗ್ಗೆ ಏನೋ ಹೇಳಿದೆ. ಇಂಥ ಸಂಸ್ಥೆಗಳ ಮಕ್ಕಳಿಗೆ ಬ್ಯಾಂಕುಗಳು ಆಸ್ತಿ ಅಡವು ಕೇಳದೆಯೂ ಸಾಲ ಕೊಡುತ್ತವೆ ಎಂದು ಮಗಳು ಆಮೇಲೆ ತಿಳಿಸಿದಳು. ಎಮ್ಮೆ ಸಾಲಕ್ಕೂ ಇಬ್ಬರು ಜಾಮೀನುದಾರರನ್ನು ಕೂಡಿಸಿಕೊಂಡು ಕೂತ ನನ್ನ ವೃತ್ತಿಗೌರವಕ್ಕೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. ಆದರೂ ಛಾನ್ಸು ಮತ್ತೆ ಅರವತ್ತಕ್ಕೆ ಏರಿತು.

ಹಳೆಯ ಮೂರೂ ಕರೆಯಲಿಲ್ಲ. ಹೊಸ ಐಐಎಂಗಳು ಹಲವು ಸೇರಿ ಒಂದೇ ಸಂದರ್ಶನ ನಡೆಸುತ್ತವೆ. ಅದಕ್ಕೆ ಕರೆ ಬಂತು. ಸಿರ್ಮೌರ್, ಬೋಧಗಯಾ, ಸಂಬಲ್‌ಪುರ ಎಂದು ಹೆಸರು ಓದಿದೆ. ‘ಬೋಧಗಯಾ ಅಂದ್ರ ಬುದ್ಧಗ ಜ್ಞಾನ ಆದದ್ದು ಅಲ್ಲೇನೋ? ಮತ್ತ ಇನ್ನೇನ್ ಬೇಕು’ ಎಂದು ನಮ್ಮ ಅವ್ವ ಅಲ್ಲಿಗೇ ಸೀಟು ಕೊಟ್ಟುಬಿಟ್ಟಳು.

ಅಣಕು ಸಂದರ್ಶನ ಮಾಡದೆ ಬಿಡುವವನಲ್ಲ ನಾನು. ನನ್ನ ಮದುವೆಯ ಕೋಟು ಹಾಕಿಕೊಂಡೆ. ಒಂದು ಗುಂಡಿ ಮಾತ್ರ ಕೂಡಿತು, ಉಸಿರು ಬಿಟ್ಟಾಗ ಅದೂ ಹಾರಿತು. ಎಡಕ್ಕೆ ಹೆಂಡತಿಯ ತಮ್ಮ. ಬಲಕ್ಕೆ ಉದ್ಯಮದ ಪ್ರತಿನಿಧಿಯಾಗಿ ಗ್ಯಾರೇಜ್ ಚಾಚಾ. ಬಸವಕಲ್ಯಾಣ ಲಾರಿಗಳ ಊರು, ಗೊತ್ತಲ್ಲ. ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಅರ್ಧ ಗಾಡಿಗಳ ಗುಟ್ಟು ಚಾಚಾನ ಹೊಟ್ಟೆಯಲ್ಲಿದೆ.

‘ಮ್ಯಾನೇಜ್‌ಮೆಂಟ್ ಎಂದರೇನು?’ ಎಂದು ನಾನು ಕೇಳಿದೆ. ಮಗಳು ಬಾಯಿ ತೆರೆಯುವಷ್ಟರಲ್ಲಿ ಉತ್ತರವನ್ನೂ ನಾನೇ ಹೇಳತೊಡಗಿದೆ. ಹತ್ತು ನಿಮಿಷ ಹೇಳಿದೆ. ಭಾವಮೈದ ತೂಕಡಿಸಿದ. ಆಗ ಚಾಚಾ ಕೆಮ್ಮಿ, ‘ಬೇಟಿ, ಲಾರಿ ಹೈದರಾಬಾದಿಂದ ತುಂಬಿ ಹೋಗ್ತದ, ಬರಾಗ ಖಾಲಿ ಬರ್ತದ. ಡೀಸೆಲ್ ಎರಡೂ ಕಡಿ. ಏನ್ ಮಾಡ್ತಿ ಹೇಳು’ ಎಂದ. ಅವಳ ಮುಖ ಅರಳಿತು. ವಾಪಸ್ ಲೋಡು, ಏಜೆಂಟನ ಕಮಿಷನ್, ತೊಗರಿ ಸುಗ್ಗಿ, ಸಕ್ಕರೆ ಕಾರ್ಖಾನೆ... ಇಬ್ಬರೂ ನನ್ನನ್ನು ಮರೆತೇಬಿಟ್ಟರು.

‘ಇವೇನು ಚಿಲ್ಲರ ಸವಾಲು?’ ಎಂದಳು ಮೂಲೆಯಿಂದ ಅವ್ವ. ‘ಅಕ್ಕ ಬಂದಾಗ ಅಲ್ಲಮಪ್ರಭು ಹ್ಯಾಂಗ ಕೇಳಿದ್ದ ಗೊತ್ತದೇನು?’

ಈ ಮಾತಿಗೆ ನಮ್ಮೂರಲ್ಲಿ ಎದುರಿಲ್ಲ. ಉಡುತಡಿಯಿಂದ ಕಲ್ಯಾಣಕ್ಕೆ ನಡೆದು ಬಂದ ಅಕ್ಕಮಹಾದೇವಿಯನ್ನು ಅನುಭವ ಮಂಟಪದಲ್ಲಿ ನಿಲ್ಲಿಸಿಕೊಂಡು ಅಲ್ಲಮ ಹಾಕಿದ ಪ್ರಶ್ನೆಗಳು ಶೂನ್ಯಸಂಪಾದನೆಯಲ್ಲಿ ವಿವರವಾಗಿವೆ. ಹತ್ತನೇ ತರಗತಿಯ ಅಂಕ ಕೇಳಿದ್ದು ಎಲ್ಲೂ ಇಲ್ಲ. ದೋಣಿ ನಡೆಸುವ ಚೌಡಯ್ಯ, ಬಟ್ಟೆ ಒಗೆಯುವ ಮಾಚಯ್ಯ, ಅಕ್ಕಿ ಆಯುವ ಲಕ್ಕಮ್ಮ ಎಲ್ಲರಿಗೂ ಅಲ್ಲಿ ಪ್ರವೇಶ ಸಿಕ್ಕಿತ್ತು. ಡೈವರ್ಸಿಟಿ ಎಂದು ಈಗಿನ ಸಂಸ್ಥೆಗಳು ಹುಡುಗಿಯರಿಗೆ ಒಂದಿಷ್ಟು ಅಂಕ ಕೂಡಿಸುವುದನ್ನು ದೊಡ್ಡ ಸುದ್ದಿ ಮಾಡುತ್ತವೆ. ಹೊಸ ಅನುಭವ ಮಂಟಪಕ್ಕೆ 2021ರಲ್ಲಿ ಅಡಿಗಲ್ಲು ಹಾಕಿದಾಗಲೇ ಅವ್ವ ನನ್ನನ್ನು ಕೇಳಿದ್ದಳು: ‘ನಿನಗ ಒಳಗ ಬಿಟ್ಕೊಳ್ತಿದ್ರೇನೋ?’ ನಾನು ಇನ್ನೂ ಉತ್ತರ ಕೊಟ್ಟಿಲ್ಲ.

ಸಂದರ್ಶನ ಮುಗಿಸಿ ಮಗಳು ಬಂದಳು. ಊರು ಯಾವುದೆಂದು ಕೇಳಿದರಂತೆ, ಬಸವಕಲ್ಯಾಣ ಅಂದಳಂತೆ, ಅಲ್ಲಿಂದ ಮಾತು ಲಾರಿಗೆ ಬಂತಂತೆ. ಮ್ಯಾನೇಜ್‌ಮೆಂಟ್ ಎಂದರೇನು ಎಂದು ಯಾರೂ ಕೇಳಲಿಲ್ಲವಂತೆ. ನಾನು ಲೆಡ್ಜರ್ ತೆಗೆದು ಅಂತಿಮ ಷರಾ ಬರೆದೆ: ಸಿರ್ಮೌರ್ ಖಚಿತ, ಬೋಧಗಯಾ ಸಾಧ್ಯ, ಸಂಬಲ್‌ಪುರ ಅಸಾಧ್ಯ. ಹೆಂಡತಿ ರೊಟ್ಟಿ ಬಡಿಯುತ್ತಲೇ, ‘ಸಂಬಲ್‌ಪುರ ಆಗ್ತದ’ ಎಂದಳು.

ಸಿಕ್ಕಿದ್ದು ಸಂಬಲ್‌ಪುರ.

‘ನಿನಗ ಹ್ಯಾಂಗ ಗೊತ್ತಾಯ್ತು?’

‘ಕ್ಯಾಟ್ ಬರದು ಬಂದ ದಿನ ಅರ್ಧಾ ರೊಟ್ಟಿ ಬಿಟ್ಟಿದ್ಳು. ಇಂಟರ್‌ವ್ಯೂ ಮುಗಿಸಿ ಬಂದು ಮೂರು ತಿಂದು ಝುಣಕ ಮತ್ತ ಕೇಳಿದ್ಳು. ಸಂಬಲ್‌ಪುರ ಅನ್ನಾಗ ನೀರು ಕುಡದ್ಳು, ಬ್ಯಾರೆ ಹೆಸರಿಗಿ ಕುಡೀಲಿಲ್ಲ.’

ಈ ಸುದ್ದಿ ಲೆಡ್ಜರಿಗಿಂತ ಜೋರಾಗಿ ಓಣಿಯಲ್ಲಿ ಹಬ್ಬಿತು. ಮೊನ್ನೆ ಭಾನುವಾರ ಚಾಚಾ ತನ್ನ ಭಾಂಜಾನನ್ನು ಕರೆದುಕೊಂಡು ಬಂದ. ಹುಡುಗನ ಕೈಯಲ್ಲಿ ಮಾರ್ಕ್ಸ್ ಕಾರ್ಡು, ಅವನೂ ಕ್ಯಾಟ್ ಬರೆಯುತ್ತಾನಂತೆ. ನಾನು ಕನ್ನಡಕ ಒರೆಸಿಕೊಂಡು ಕೈ ಚಾಚಿದೆ. ಚಾಚಾ ಕಾರ್ಡನ್ನು ಮಡಚಿ ಜೇಬಿಗಿಟ್ಟುಕೊಂಡು, ‘ನಿಮ್ಗ್ಯಾಕ ತ್ರಾಸು ಭಾಯಿ? ಭಾಬಿ ಮನ್ಯಾಗ ಅದಾರೇನು?’ ಎಂದ. ಹುಡುಗನಿಗೆ ಎಲೆ ಹಾಕಿದರು. ಹೆಂಡತಿ ಎದುರು ಕೂತು ಮೊದಲ ತುತ್ತಿನಿಂದಲೇ ನೋಡತೊಡಗಿದಳು. ಮನೆಯಲ್ಲಿ ಮೊಸರು ಇರಲಿಲ್ಲ. ನನ್ನನ್ನು ಅಂಗಡಿಗೆ ಕಳಿಸಿದರು.