ಮಿರಗದ ಮಳಿ, ಮೊಬೈಲಿನ ಮೋಡ

ಗೋಕಾಕ, ಮೂಡಲಗಿ ಕಡೆ ಜೂನ್ ಬಂತೆಂದರೆ ಎಲ್ಲರೂ ಹೊಂಚು ಹಾಕೋದು ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ, ಮಳೆಗೆ. ಚಹಾದಂಗಡಿ ಕಟ್ಟೆ ಮೇಲೆ ಕೂತ ಹುಡುಗ ಮೊಬೈಲ್ ನೋಡಿ, "ಕಾಕಾ, ನಾಳೆ ಮೂರಕ್ಕ ಶೇಕಡಾ 80 ಮಳಿ" ಅಂತಾನೆ. ಕಾಕಾ ಎಲೆಗೆ ಸುಣ್ಣ ಹಚ್ಚುತ್ತಾ, "ಉಳಿದ 20 ನಮ್ಮ ಹೊಲದಾಗ ಇರತೈತಿ, ತಗೋ" ಅಂತಾರೆ.

ಪಾಪ, ಆಪ್‌ನ ಲೆಕ್ಕ ಹಲವು ಕಿಲೋಮೀಟರಿನ ಚೌಕಕ್ಕೆ. ನಮ್ಮ ಮಳೆಯೋ ಬದುವಿನ ಆಚೆ ಸುರಿದು ಈಚೆ ಧೂಳೆಬ್ಬಿಸುವ ಜಾತಿಯದು. ಮೇಲಾಗಿ, ಗೋಕಾಕದ ಆಕಾಶ ನೋಡಿ ಗೋಕಾಕದ ಹೊಳೆ ತಿಳಿಯದು. ಘಟಪ್ರಭೆ ತುಂಬುವುದು ಪಶ್ಚಿಮ ಘಟ್ಟದ ಮಳೆಗೆ. ಹುಕ್ಕೇರಿ ತಾಲೂಕಿನ ಹಿಡಕಲ್ ಅಣೆಕಟ್ಟಿನ ಗೇಟು ಎತ್ತಿದರೆ, ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. 2019ರ ಆಗಸ್ಟಿನಲ್ಲಿ ಊರೊಳಗೇ ಬಂದಿತ್ತು. ಅದಕ್ಕೇ ಕಾಕಾ ಮೋಡ ನೋಡೋದು ಪಡುವಣಕ್ಕೆ ಮುಖ ಮಾಡಿ.

ಸಿಡಿಲಿನ ಮಾತು ಬಂದರೆ ಮಾತ್ರ ಅವರ ಅನುಭವ ತೆಪ್ಪಗಾಗುತ್ತದೆ. "ಆ ಸಿಡಿಲಿನ ಆಪ್ ದಾಮಿನಿ ತಗದು ನೋಡಪಾ, ಎಮ್ಮಿ ಗಿಡದ ಬುಡಕ ಕಟ್ಟೇನಿ!"

ಬಿತ್ತೋದಕ್ಕೆ ಆಪ್, ಕಾಕಾ ಇಬ್ಬರೂ ಸಾಲರು. ಹೊಲಕ್ಕಿಳಿದು ಹಿಡಿ ಮಣ್ಣು ಒತ್ತಿದರೆ ಉಂಡೆ ಕಟ್ಟಬೇಕು. ಸೋಯಾ ಬೀಜದ ಚೀಲದ ರೇಟು ಕೇಳಿದವರು ಶೇಕಡಾ 80ನ್ನೂ ನಂಬೋದಿಲ್ಲ, ಕಾಕಾನನ್ನೂ ನಂಬೋದಿಲ್ಲ.