ಲಾಮಾ ಹತ್ತಿ ಯುದ್ಧಕ್ಕೆ ಹೊರಟವರೇ, ಒಂದ್ನಿಮಿಷ

ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲ್ ಹಿಡ್ಕೊಂಡು ಜಗತ್ತಿನ ಇತಿಹಾಸ ರಿಪೇರಿಗೆ ಕೂರ್ತೀರಲ್ಲ, ನಿಮ್ಮನ್ನೇ ಕೇಳ್ತಿರೋದು. ಪೆರುವಿನ ಇಂಕಾ ದೊರೆ ಅತಾವಾಲ್ಪನ ಹತ್ರ ಲಾಮಾ ಅನ್ನೋ ಪ್ರಾಣಿ ಹತ್ತಿದ ಸವಾರರ ದಂಡು ಇದ್ದಿದ್ರೆ 1532ರಲ್ಲಿ ಕಾಹಾಮಾರ್ಕಾದಲ್ಲಿ ಸ್ಪೇನಿನ ಪಿಸಾರೋ ಕೈಗೆ ಸಿಗ್ತಿದ್ನಾ ಅನ್ನೋದು ತಾನೇ ಇವತ್ತಿನ ಚಿಂತೆ? (ಅತ್ತೆಗೆ ಮೀಸೆ ಬಂದಿದ್ರೆ ಮಾವ ಅಂತಿದ್ವಿ. ಇರ್ಲಿ, ಮುಂದುವರೀಲಿ.)

ಪಿಸಾರೋ ಕಡೆ 168 ಜನ, ಅದರಲ್ಲಿ ಕುದುರೆ ಸವಾರರು 62. ಅತಾವಾಲ್ಪ ಪಲ್ಲಕ್ಕಿ ಮೇಲೆ, ಸುತ್ತ ಸಾವಿರಾರು ಜನ, ಬಹುಪಾಲು ಬರಿಗೈ. ಇದನ್ನ ಓದಿದಾಗಿಂದ ನಿಮಗೆ ಲಾಮಾ ಹತ್ತೋ ಚಪಲ.

ಹತ್ತೋಣ ಬನ್ನಿ. ಮೊದಲು ತೂಕ ಹೇಳಿ. ಎಪ್ಪತ್ತೆರಡಾ? (ಹೊಟ್ಟೆ ಒಳಗೆಳ್ಕೊಂಡು ನಿಂತ್ರೆ ಮೆಷಿನ್ ಮೋಸ ಹೋಗಲ್ಲ ಸ್ವಾಮಿ.) ಲಾಮಾ ತೂಗೋದೇ ಸುಮಾರು 130ರಿಂದ 200 ಕೆಜಿ, ದಾರಿಯುದ್ದಕ್ಕೂ ಹೊರೋದು ಒಂದು 30 ಕೆಜಿ. ನಿಮ್ಮ ಮೂರನೇ ಕ್ಲಾಸಿನ ಮಗಳು ಕೂರಬಹುದು, ಸ್ಕೂಲ್ ಬ್ಯಾಗ್ ಕೆಳಗಿಟ್ಟರೆ.

ಹೊರೆ ಜಾಸ್ತಿ ಅನ್ನಿಸ್ತೋ, ಕೂತೇಬಿಡುತ್ತೆ. ಎಳೀರಿ, ತಳ್ಳಿ, ಬೈರಿ, ಏಳಲ್ಲ. ಕಿವಿ ಹಿಂದಕ್ಕೆ ಹೋಗಿ, ಗದ್ದ ಮೇಲೆದ್ದು, ಗಂಟಲಲ್ಲಿ ಗುಳುಗುಳು ಶುರುವಾದ್ರೆ ಪಕ್ಕಕ್ಕೆ ಸರೀರಿ: ಹೊಟ್ಟೆಯಿಂದ ಎದ್ದು ಬಂದ ಹಸಿರು ಗಬ್ಬು ನೀರು ನಿಮ್ಮ ಇಸ್ತ್ರಿ ಅಂಗಿಗೆ ನೇರ ಡೆಲಿವರಿ. (ನೀವೋ, ಶುಕ್ರವಾರ ಸಂಜೆ ಬಾಸ್ ಇನ್ನೊಂದು ಕೆಲಸ ಹೇರಿದ್ರೆ ‘ಆಯ್ತು ಸಾರ್’ ಅಂತೀರಿ. ಗುಳುಗುಳು ಅನ್ನೋದೆಲ್ಲ ಮನೆಗೆ ಬಂದ್ಮೇಲೆ.)

‘ದಪ್ಪ ದಪ್ಪದ್ದನ್ನೇ ಆರಿಸಿ ತಳಿ ಬೆಳೆಸಿದ್ರೆ?’ ನೋಡಿ, ಬಿಡೋ ಜನ ಅಲ್ಲ ನೀವು. ಗಬ್ಬವೇ ಹನ್ನೊಂದು ತಿಂಗಳು, ಸಾಮಾನ್ಯವಾಗಿ ಒಂದೇ ಮರಿ, ಆ ಮರಿ ಮತ್ತೆ ಮರಿ ಹಾಕೋಕೆ ಇನ್ನೂ ಎರಡು ಮೂರು ವರ್ಷ. ಹೀಗೆ ತಲೆಮಾರುಗಟ್ಟಲೆ ಬೆನ್ನು ಗಟ್ಟಿಯಾಗಲಿ ಅಂತ ಕಾಯಬೇಕು. ಕಾಯೋರು ಯಾರು? ಕೊತ್ತಂಬರಿ ಬೀಜ ಹಾಕಿ ಮೂರನೇ ದಿನವೇ ಕುಂಡ ಕೆದಕಿ ನೋಡೋ ನೀವಾ?

ಕುದುರೆದೂ ಒಂದೇ ದಿನದ ಕಥೆಯಲ್ಲ. ಅದು ರಥ ಎಳೆಯೋಕೆ ಶುರುಮಾಡಿ ಸುಮಾರು ಸಾವಿರ ವರ್ಷ ಆದ್ಮೇಲೇ ಸವಾರರ ದೊಡ್ಡ ದಂಡು ಕಟ್ಟಿದ್ದು. ಇಂಕಾಗಳ ಆಂಡಿಸ್ ಬೆಟ್ಟದಲ್ಲಿ ರಥ ಎಲ್ಲಿತ್ತು, ಗಾಡಿಯೇ ಇರ್ಲಿಲ್ಲ. ಅಮೆರಿಕಾದ ಕುದುರೆಗಳೂ ಹತ್ತು ಸಾವಿರ ವರ್ಷದ ಹಿಂದೆಯೇ ನಿರ್ನಾಮ. ಎದುರಿಗೆ ಸವಾರನೇ ಇಲ್ಲದಿದ್ದಾಗ ಯಾವ ರಾಜ ಲಾಮಾ ಬೆನ್ನಿಗೆ ಬಜೆಟ್ ಕೊಡ್ತಾನೆ?

ಇಂಕಾ ರಸ್ತೆಗಳೂ ಸವಾರಿಗೆ ಅಂತ ಮಾಡಿದ್ದಲ್ಲ. ಕಡಿದಾದ ಕಡೆ ಕಲ್ಲಿನ ಮೆಟ್ಟಿಲು, ಕಮರಿ ಬಂದ್ರೆ ಹುಲ್ಲು ಹಗ್ಗದ ಸೇತುವೆ. ಸುದ್ದಿ ಮುಟ್ಟಿಸೋಕೆ ಚಾಸ್ಕಿ ಅನ್ನೋ ಓಟಗಾರರು, ದಂಡಿನ ಸಾಮಾನಿಗೆ ಲಾಮಾ. ಎಲ್ಲ ನಡೀತಾನೇ ಇತ್ತು, ನಿಮ್ಮ ಸಲಹೆ ಒಂದಿಲ್ಲದೆ.

ಕುದುರೆಗೆ ಮದ್ದೂ ಇಂಕಾಗಳೇ ಹುಡುಕಿದ್ರು. 1537ರ ಜನವರಿ, ಪೆರುವಿನ ಒಯಾಂಟಾಯ್ಟಾಂಬೊ. ಆಗಿನ ಇಂಕಾ ದೊರೆ ಮಾಂಕೋ ಕಾಲುವೆ ಒಡೆಸಿ ಬಯಲಿಗೆಲ್ಲ ನೀರು ಬಿಟ್ಟ. ಸ್ಪೇನಿನವರ ಕುದುರೆಗಳು ಕೆಸರಲ್ಲಿ ಹೂತ್ಕೊಂಡು, ಸವಾರರು ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ ಹೊರಟ್ರು. (ನೀವು ಅವನ ಸೇನಾಪತಿ ಆಗಿದ್ರೆ? ನೀರು ಮೊಣಕಾಲಿಗೆ ಬಂದ್ರೂ ಅಲ್ಲೇ ನಿಂತು, ಲಾಮಾ ಬೆನ್ನಿಗೆ ಟೇಪ್ ಹಿಡಿದು ಜೀನಿನ ಅಳತೆ ತಗೋತಿದ್ರಿ.)